ಸೀಟು ಆರಿಸುವ ಮುನ್ನ ಬ್ರಾಂಚಿನ ಎನ್‌ಬಿಎ ಶ್ರೇಣಿ ನೋಡಿ

ಮಾನ್ಯ ಸಂಪಾದಕರೇ,

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಲ್ಲಿ ಯಾವ ಕಾಲೇಜು, ಯಾವ ಬ್ರಾಂಚು ಎಂಬ ಚರ್ಚೆ ನಡೆಯುತ್ತದೆ. ಇತ್ತೀಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ಬಿ.ಇ. ಮುಗಿಸಿ ಹೊರದೇಶಕ್ಕೆ ಹೋಗುವುದೋ, ಪಿಯುಸಿ ಆದ ಕೂಡಲೇ ಹೋಗುವುದೋ? ಇದಕ್ಕೆ ಉತ್ತರ ಸಿಗುವುದು ಹೆಚ್ಚಾಗಿ ಹೈದರಾಬಾದಿನ ಕನ್ಸಲ್ಟೆನ್ಸಿಗಳಿಂದ, ಇಲ್ಲವೇ ಸೌದಿ, ದುಬೈಯಲ್ಲಿರುವ ಸಂಬಂಧಿಕರಿಂದ. ‘ಅವರದು ಮೂರೇ ವರ್ಷ, ನಮ್ಮದು ನಾಲ್ಕು, ಹಾಗಾಗಿ ನಮ್ಮದೇ ದೊಡ್ಡ ಡಿಗ್ರಿ’ ಎನ್ನುವವರಿದ್ದಾರೆ. ‘ನಮ್ಮ ಡಿಗ್ರಿಗೆ ಅಲ್ಲಿ ಕಿಮ್ಮತ್ತೇ ಇಲ್ಲ’ ಎನ್ನುವವರೂ ಇದ್ದಾರೆ. ಎರಡು ಮಾತೂ ಸರಿಯಲ್ಲ. ಒಳಗೆ ಯಾವ ವಿಷಯಕ್ಕೆ ಎಷ್ಟು ತಾಸು ಕೊಟ್ಟಿದ್ದಾರೆ, ಆ ಬ್ರಾಂಚಿಗೆ ಯಾರ ಮಾನ್ಯತೆ ಇದೆ, ಆ ಮಾನ್ಯತೆ ಯಾವ ವರ್ಷದವರೆಗಿದೆ ಎಂಬುದರ ಮೇಲೆ ಹೊರಗೆ ನಮ್ಮ ಪದವಿಯ ಬೆಲೆ ನಿಂತಿದೆ. ನಮ್ಮಲ್ಲಿ ಆ ಮಾನ್ಯತೆಯನ್ನು ಎರಡು ಶ್ರೇಣಿಯಲ್ಲಿ ಕೊಡುವ ಸಂಸ್ಥೆಯೇ ಎನ್‌ಬಿಎ. ಇದನ್ನೆಲ್ಲ ಸೀಟು ಆರಿಸುವ ದಿನವೇ ನೋಡಿಕೊಳ್ಳಲು ಬರುತ್ತದೆ, ಆದರೆ ನೋಡುವವರು ಕಡಿಮೆ. ಈ ಭಾಗದ ಎಂಜಿನಿಯರಿಂಗ್ ಅಧ್ಯಾಪಕರಾಗಿ ಇದನ್ನು ತುಸು ವಿವರವಾಗಿ ತಿಳಿಸಬೇಕೆಂದು ಈ ಪತ್ರ.

ಮೊದಲು ಕ್ರೆಡಿಟ್ಟಿನ, ಅಂದರೆ ಓದಿನ ಪ್ರಮಾಣ ಅಳೆಯುವ ಮಾನದ ಲೆಕ್ಕ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಈಗಿನ ಬಿ.ಇ. 8 ಸೆಮಿಸ್ಟರಿಗೆ 160 ಕ್ರೆಡಿಟ್. ಸೆಮಿಸ್ಟರ್ ಪೂರ್ತಿ ವಾರಕ್ಕೆ 1 ತಾಸು ಪಾಠ ನಡೆದರೆ 1 ಕ್ರೆಡಿಟ್. ಲ್ಯಾಬ್ ಆದರೆ ವಾರಕ್ಕೆ 2 ತಾಸಿಗೆ 1. ಅಂದರೆ ನಾವು ಎಣಿಸುವುದು ತರಗತಿಯಲ್ಲಿ ಕಳೆದ ತಾಸು. ಯುರೋಪಿನ ದೇಶಗಳ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್ ಎಣಿಸುವುದು ವಿದ್ಯಾರ್ಥಿಯ ಒಟ್ಟು ಶ್ರಮ. ಪಾಠ, ಮನೆಯಲ್ಲಿ ಬಿಡಿಸಿದ ಲೆಕ್ಕ, ಲ್ಯಾಬ್ ವರದಿ, ಪರೀಕ್ಷೆಯ ತಯಾರಿ ಎಲ್ಲ ಕೂಡಿ 25ರಿಂದ 30 ತಾಸಿಗೆ 1 ಕ್ರೆಡಿಟ್, ವರ್ಷಕ್ಕೆ 60. ಬ್ರಿಟನ್ನಿನಲ್ಲಿ 10 ತಾಸಿನ ಶ್ರಮಕ್ಕೆ 1 ಕ್ರೆಡಿಟ್, ವರ್ಷಕ್ಕೆ 120. ಅಮೆರಿಕದ್ದು ನಮ್ಮಂತೆಯೇ ವಾರದ ತಾಸಿನ ಲೆಕ್ಕ, ಪೂರ್ತಿ ಪದವಿಗೆ ಸಾಮಾನ್ಯವಾಗಿ 120ರಿಂದ 130ರ ಆಸುಪಾಸು. ಹಾಗಾಗಿ ನಮ್ಮ 160, ಅಮೆರಿಕದ 125, ಜರ್ಮನಿಯ 210, ಬ್ರಿಟನ್ನಿನ 360 ಇವನ್ನು ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಎಂದು ನೋಡುವುದರಲ್ಲಿ ಅರ್ಥವಿಲ್ಲ. ಹೋಲಿಸಲೇಬೇಕಾದರೆ ವರ್ಷಕ್ಕೆ ವರ್ಷ ಹೋಲಿಸಬೇಕು: ಇಲ್ಲಿನ 40, ಯುರೋಪಿನ 60, ಬ್ರಿಟನ್ನಿನ 120 ಇವು ಒಂದು ವರ್ಷದ ಪೂರ್ಣಕಾಲಿಕ ಓದಿನ ಅಳತೆಗಳು.

ಇದನ್ನು ಅರ್ಧ ತಿಳಿದವರು 160ನ್ನು 1.5ರಿಂದ ಗುಣಿಸಿ ಅರ್ಜಿಯಲ್ಲಿ 240 ಇಸಿಟಿಎಸ್ ಎಂದು ತಾವೇ ಬರೆದುಬಿಡುತ್ತಾರೆ. ಹಾಗೆ ಮಾಡಬಾರದು. ವಿಶ್ವವಿದ್ಯಾಲಯ ಸೂತ್ರ ಕೊಟ್ಟಿದ್ದರೆ ಅದನ್ನೇ ಬಳಸಬೇಕು. ಕೊಟ್ಟಿಲ್ಲದಿದ್ದರೆ ನಮ್ಮ ಕ್ರೆಡಿಟ್ಟನ್ನೂ ತಾಸನ್ನೂ ಇದ್ದಂತೆ ಬರೆದು, ಪರಿವರ್ತನೆಯನ್ನು ಅವರಿಗೆ ಬಿಡಬೇಕು.

ಒಟ್ಟು ಕ್ರೆಡಿಟ್ಟಿಗಿಂತ ತೊಂದರೆ ಕೊಡುವುದು ವಿಷಯವಾರು ಕ್ರೆಡಿಟ್. ಜರ್ಮನಿಯ ಮಾಸ್ಟರ್ ಕೋರ್ಸುಗಳು ಗಣಿತದಲ್ಲಿ ಇಷ್ಟು, ಮೆಕ್ಯಾನಿಕ್ಸಿನಲ್ಲಿ ಇಷ್ಟು, ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸಿನಲ್ಲಿ ಇಷ್ಟು ಎಂದು ಕನಿಷ್ಠ ಮಿತಿ ಹಾಕುತ್ತವೆ. ಅರ್ಜಿ ನೋಡುವವರು ಟ್ರಾನ್ಸ್‌ಕ್ರಿಪ್ಟಿನ (ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ಪಟ್ಟಿ) ಒಂದೊಂದು ಪೇಪರನ್ನೂ ತಮ್ಮ ಪಟ್ಟಿಯ ಖಾನೆಗೆ ಹಾಕಿ ಕೂಡಿಸುತ್ತಾರೆ. ವಿಟಿಯು 2021ರ ಸ್ಕೀಮಿನ, ಅಂದರೆ ಆ ವರ್ಷ ಸೇರಿದವರಿಗೆ ಜಾರಿಗೆ ಬಂದ ಪಠ್ಯಕ್ರಮದ, ಕಂಪ್ಯೂಟರ್ ಸೈನ್ಸ್ 5ನೇ ಸೆಮಿಸ್ಟರಿನಲ್ಲಿ ‘ಆಟೊಮೇಟಾ ಥಿಯರಿ ಅಂಡ್ ಕಂಪೈಲರ್ ಡಿಸೈನ್’ ಎಂಬ ಒಂದೇ ಪೇಪರಿದೆ. ಆಟೊಮೇಟಾ ಅವರ ಥಿಯರಿ ಖಾನೆಗೆ ಸೇರುತ್ತದೆ, ಕಂಪೈಲರ್ ಬೇರೆ ಖಾನೆಗೆ. ಬರೀ ಹೆಸರು ನೋಡಿದವರಿಗೆ ಯಾವ ಭಾಗಕ್ಕೆ ಎಷ್ಟು ತಾಸು ಎಂದು ತಿಳಿಯುವುದಿಲ್ಲ. ಇಡೀ ಪೇಪರನ್ನು ಯಾವುದಾದರೂ ಒಂದೇ ಖಾನೆಗೆ ಹಾಕಿಬಿಟ್ಟರೆ ಇನ್ನೊಂದರಲ್ಲಿ ಕ್ರೆಡಿಟ್ ಕೊರತೆ ಬೀಳುತ್ತದೆ. ಇದಕ್ಕೆ ಪರಿಹಾರ ವಿಟಿಯು ಸಿಲೆಬಸ್ಸಿನಲ್ಲೇ ಇದೆ. ಪ್ರತಿ ಪೇಪರಿಗೂ 5 ಮಾಡ್ಯೂಲ್, ಒಂದೊಂದರಲ್ಲಿ ಏನು ಬರುತ್ತದೆ, ಒಟ್ಟು ಎಷ್ಟು ತಾಸು, ಯಾವ ಪಠ್ಯಪುಸ್ತಕದ ಯಾವ ಅಧ್ಯಾಯ ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ತಾವು ಓದಿದ ಸ್ಕೀಮಿನ ಸಿಲೆಬಸ್ ಪುಟಗಳನ್ನು ಪೇಪರ್ ಕೋಡ್ ಸಮೇತ ಸೇರಿಸಿ ಒಂದು ಪಿಡಿಎಫ್ ಮಾಡಿ, ಕಾಲೇಜಿನ ಮೊಹರು ಹಾಕಿಸಿ ಇಟ್ಟುಕೊಳ್ಳಬೇಕು. ಪಾಸಾಗಿ ವರ್ಷಗಳು ಕಳೆದ ಮೇಲೆ ಹುಡುಕಹೊರಟರೆ ಸಿಗುವುದು ಹೊಸ ಸ್ಕೀಮಿನ ಸಿಲೆಬಸ್. ಅದರ ಕೋಡುಗಳು ಮಾರ್ಕ್ಸ್ ಕಾರ್ಡಿನ ಕೋಡಿಗೆ ಹೊಂದುವುದಿಲ್ಲ.

ಜರ್ಮನಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಈಗ ಹೆಚ್ಚಿನವರ ಕಣ್ಣು ಅತ್ತಲೇ ಇದೆ. ಅಲ್ಲಿ ಮೊದಲು ಐದು ವರ್ಷದ ಓದಿನ ‘ಡಿಪ್ಲೋಮ್ ಇಂಜೆನಿಯೂರ್’ ಪದವಿ ಇತ್ತು. ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೂ ಅದಕ್ಕೂ ಸಂಬಂಧವಿಲ್ಲ. 1999ರ ಬೊಲೊನ್ಯಾ ಘೋಷಣೆಯ ನಂತರ ಅದರ ಜಾಗಕ್ಕೆ 6 ಅಥವಾ 7 ಸೆಮಿಸ್ಟರಿನ ಬ್ಯಾಚಲರ್ ಬಂತು, ಅಂದರೆ 180 ಅಥವಾ 210 ಇಸಿಟಿಎಸ್. ಅದರ ಮೇಲೆ 120 ಅಥವಾ 90ರ ಮಾಸ್ಟರ್ ಸೇರಿ ಒಟ್ಟು 300. ಅಲ್ಲಿನವರು ಬ್ಯಾಚಲರನ್ನು ಅರ್ಧದಾರಿ ಎಂದೇ ತಿಳಿಯುತ್ತಾರೆ, ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲಿ ಬಹುಪಾಲು ಮಂದಿ ಮಾಸ್ಟರ್ ಮುಗಿಸಿಯೇ ಹೊರಬೀಳುತ್ತಾರೆ. ಮೂರು ವರ್ಷದ ಪದವಿ ಎಂದು ನಾವು ಸಣ್ಣದಾಗಿ ಕಾಣುವುದು ಇದರ ಮೊದಲ ಭಾಗವನ್ನು ಮಾತ್ರ. ಸಂಸ್ಥೆಗಳಲ್ಲೂ ಎರಡು ಬಗೆ: ಸಂಶೋಧನೆಗೆ ಒತ್ತು ಕೊಡುವ ವಿಶ್ವವಿದ್ಯಾಲಯ, ಕಾರ್ಖಾನೆಯ ಕೆಲಸಕ್ಕೆ ಹತ್ತಿರವಾದ ‘ಹೋಖ್‌ಶೂಲೆ’. ಎರಡನೆಯದರಲ್ಲಿ 7 ಸೆಮಿಸ್ಟರಿನ ಪೈಕಿ ಒಂದನ್ನು ಕಂಪನಿಯಲ್ಲೇ ಕಳೆಯುವುದು ಸಾಮಾನ್ಯ. ಕೈಕೆಲಸ ಇಷ್ಟಪಡುವ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗೆ ಹೋಖ್‌ಶೂಲೆಯೇ ಒಳ್ಳೆಯ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ. ಹೆಸರಿನ ಮೋಹಕ್ಕೆ ಅದನ್ನು ಬಿಡಬಾರದು.

ಪಿಯುಸಿ ಮುಗಿಸಿ ನೇರವಾಗಿ ಜರ್ಮನ್ ಬ್ಯಾಚಲರಿಗೆ ಸೇರಲು ನಮ್ಮ 12ನೇ ತರಗತಿಯೊಂದೇ ಸಾಲದು. ಒಂದೋ ಅಲ್ಲಿ ‘ಷ್ಟುಡಿಯನ್‌ಕೊಲೆಗ್’ ಎಂಬ ಒಂದು ವರ್ಷದ ಪೂರ್ವತಯಾರಿ ಓದಿ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಇಲ್ಲಿ ಪದವಿಯ ಒಂದು ವರ್ಷವನ್ನು ಯಶಸ್ವಿಯಾಗಿ ಮುಗಿಸಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಅರ್ಹತೆ ಪಡೆದಿರಬೇಕು. ಇಂಗ್ಲಿಷಿನಲ್ಲಿ ಕಲಿಸುವ ಬ್ಯಾಚಲರ್ ಕೋರ್ಸುಗಳು ಕಡಿಮೆ, ಮಾಸ್ಟರಿನಲ್ಲಿ ಹೆಚ್ಚು. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ, ಅಂದರೆ ಇಲ್ಲಿನ ಅಂಕಪಟ್ಟಿಗಳು ಅಸಲಿಯೆಂದು ಜರ್ಮನ್ ಕಡೆಯವರು ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯವಾಗಿದೆ. ಅಲ್ಲಿನ ಖರ್ಚಿಗೆಂದು ಮೊದಲೇ ಕಟ್ಟಿ ತಿಂಗಳಿಗಿಷ್ಟೇ ತೆಗೆಯಲು ಬರುವ ‘ಬ್ಲಾಕ್ಡ್ ಅಕೌಂಟಿನಲ್ಲಿ’ ಇಡಬೇಕಾದ ಹಣ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ಆಗಿದೆ. ‘ಜರ್ಮನಿಯಲ್ಲಿ ಫೀ ಇಲ್ಲ’ ಎಂಬುದೂ ಎಲ್ಲ ಕಡೆ ನಿಜವಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಫೀ ಶುರುಮಾಡಿದೆ.

ಅಂಕದ ಪರಿವರ್ತನೆಯಲ್ಲಿ ಆಗುವ ತಪ್ಪೊಂದನ್ನು ಲೆಕ್ಕ ಹಾಕಿಯೇ ತೋರಿಸುತ್ತೇವೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಕೊನೆಯ ಪಾಸು. ನಮ್ಮ ಸಿಜಿಪಿಎಯನ್ನು ಅದಕ್ಕೆ ಬದಲಿಸಲು ಬವೇರಿಯನ್ ಸೂತ್ರ ಬಳಸುತ್ತಾರೆ. ಗರಿಷ್ಠದಿಂದ ನಿಮ್ಮ ಅಂಕ ಕಳೆಯುವುದು. ಅದನ್ನು ಗರಿಷ್ಠಕ್ಕೂ ಕನಿಷ್ಠ ಪಾಸಿಗೂ ಇರುವ ಅಂತರದಿಂದ ಭಾಗಿಸುವುದು. 3ರಿಂದ ಗುಣಿಸಿ 1 ಕೂಡಿಸುವುದು. 10ಕ್ಕೆ ಸಿಜಿಪಿಎ 7.0 ಇದೆ ಎಂದುಕೊಳ್ಳಿ. ಕನಿಷ್ಠ ಪಾಸು 4 ಎಂದು ಹಿಡಿದರೆ 3ನ್ನು 6ರಿಂದ ಭಾಗಿಸಿದಾಗ 0.5, 3ರಿಂದ ಗುಣಿಸಿದರೆ 1.5, 1 ಕೂಡಿಸಿದರೆ 2.5. ಕನಿಷ್ಠ ಪಾಸು 5 ಎಂದು ಹಿಡಿದರೆ 3ನ್ನು 5ರಿಂದ ಭಾಗಿಸಿದಾಗ 0.6, ಉತ್ತರ 2.8. ಬಹಳಷ್ಟು ಮಾಸ್ಟರ್ ಕೋರ್ಸುಗಳ ಗಡಿ 2.5. ಒಂದೇ ವಿದ್ಯಾರ್ಥಿ, ಅದೇ ಅಂಕ, ಆದರೆ ಒಂದು ಖಾನೆಯಲ್ಲಿ ತುಂಬಿದ ಸಂಖ್ಯೆಯಿಂದ ಒಳಗೆ ಅಥವಾ ಹೊರಗೆ. ಹಾಗಾಗಿ ಕನಿಷ್ಠ ಪಾಸು ಎಷ್ಟೆಂಬುದನ್ನು ಅಂದಾಜಿನಲ್ಲಿ ತುಂಬದೆ, ತಮ್ಮ ಸ್ಕೀಮಿನ ನಿಯಮಾವಳಿಯ ಆ ಪುಟವನ್ನೇ ಲಗತ್ತಿಸಬೇಕು. ಸಿಜಿಪಿಎಯಿಂದ ಶೇಕಡಾವಾರು ತೆಗೆಯುವ ಸೂತ್ರವೂ ವಿಟಿಯುವಿನಲ್ಲಿ ಸ್ಕೀಮಿನಿಂದ ಸ್ಕೀಮಿಗೆ ಬದಲಾಗಿದೆ. ಸೀನಿಯರ್ ಕೊಟ್ಟ ಸೂತ್ರವನ್ನು ಹಾಗೆಯೇ ಬಳಸಿದರೆ ತಪ್ಪು ಮಾಹಿತಿ ಕೊಟ್ಟ ಆರೋಪ ಬರಬಹುದು.

ಪರೀಕ್ಷೆಯ ರೀತಿ ಬೇರೆ ಎಂಬುದನ್ನು ಹೋಗುವವರು ಮೊದಲೇ ತಿಳಿದಿರಬೇಕು. ವಿಟಿಯುವಿನಲ್ಲಿ 50 ಅಂಕ ಇಂಟರ್ನಲ್, 50 ಸೆಮಿಸ್ಟರ್ ಪರೀಕ್ಷೆ. ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು. ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೂ ಪಾಸಾಗಲು ಅಡ್ಡಿಯಿಲ್ಲ. ಜರ್ಮನಿಯಲ್ಲಿ ಬಹುತೇಕ ವಿಷಯಗಳಿಗೆ ಕೊನೆಯ ಪರೀಕ್ಷೆಯೇ ಪೂರ್ತಿ ಅಂಕ. ಪ್ರಶ್ನೆಗಳಲ್ಲಿ ಆಯ್ಕೆ ಇರುವುದು ಅಪರೂಪ. ಎಲ್ಲಕ್ಕಿಂತ ಮುಖ್ಯವಾದುದು ಪ್ರಯತ್ನಗಳ ಮಿತಿ. ಸಾಮಾನ್ಯವಾಗಿ ಒಂದು ವಿಷಯಕ್ಕೆ 3 ಸಲ ಮಾತ್ರ ಕೂರಬಹುದು. ಕಡ್ಡಾಯ ವಿಷಯದಲ್ಲಿ ಕೊನೆಯ ಸಲವೂ ಫೇಲಾದರೆ ಆ ಕೋರ್ಸಿನಿಂದಲೇ ಹೆಸರು ಹೋಗುತ್ತದೆ, ಅದೇ ಕೋರ್ಸಿಗೆ ಜರ್ಮನಿಯ ಇನ್ನೊಂದು ಕಡೆ ಸೇರುವ ದಾರಿಯೂ ಮುಚ್ಚುತ್ತದೆ. ‘ಬ್ಯಾಕ್ ಇದ್ದರೆ ಮುಂದಿನ ಸೆಮ್‌ನಲ್ಲಿ ಕ್ಲಿಯರ್ ಮಾಡಿದರಾಯಿತು’ ಎಂಬ ಇಲ್ಲಿನ ರೂಢಿ ಅಲ್ಲಿ ನಡೆಯುವುದಿಲ್ಲ.

ಬ್ರಿಟನ್ನಿನಲ್ಲಿ ಬಿಇಂಗ್ ಆನರ್ಸ್ ಮೂರು ವರ್ಷ, 360 ಕ್ರೆಡಿಟ್. ಎಂಇಂಗ್ ನಾಲ್ಕು ವರ್ಷ, 480. ಸ್ಕಾಟ್ಲೆಂಡಿನಲ್ಲಿ ಎರಡಕ್ಕೂ ಒಂದೊಂದು ವರ್ಷ ಹೆಚ್ಚು. ಮೂರು ವರ್ಷದಲ್ಲಿ ಮುಗಿಯುವುದು ಏಕೆಂದರೆ ಶಾಲೆಯ ಕೊನೆಯ ಎರಡು ವರ್ಷದಲ್ಲೇ ಅವರು ಗಣಿತ, ಭೌತಶಾಸ್ತ್ರದಂಥ ಮೂರು ನಾಲ್ಕು ವಿಷಯಗಳನ್ನು ಮಾತ್ರ ಆಳವಾಗಿ ಓದಿರುತ್ತಾರೆ. ಚಾರ್ಟರ್ಡ್ ಎಂಜಿನಿಯರ್ ಆಗಲು, ಅಂದರೆ ಅಲ್ಲಿನ ಉನ್ನತ ವೃತ್ತಿ ನೋಂದಣಿ ಪಡೆಯಲು, ಮಾನ್ಯತೆ ಪಡೆದ ಎಂಇಂಗ್ ಪೂರ್ತಿ ಸಾಲುತ್ತದೆ. ಬಿಇಂಗ್ ಆದರೆ ಮಾಸ್ಟರ್ ಮಟ್ಟದ ಓದು ಇನ್ನಷ್ಟು ಬೇಕು. ಫ್ರಾನ್ಸಿನ ಎಂಜಿನಿಯರ್ ಪದವಿಯಂತೂ ಪಿಯುಸಿಗೆ ಸಮನಾದ ‘ಬ್ಯಾಕ್’ ನಂತರ ಐದು ವರ್ಷ. ಎರಡು ವರ್ಷ ಗಣಿತ-ಭೌತಶಾಸ್ತ್ರದ ಕಠಿಣ ಪೂರ್ವತಯಾರಿ, ಮೂರು ವರ್ಷ ಎಂಜಿನಿಯರಿಂಗ್ ಶಾಲೆ. ಅದಕ್ಕೆ ಮಾಸ್ಟರ್ ದರ್ಜೆಯೇ ಸಿಗುತ್ತದೆ. ಜಪಾನಿನದು ನಮ್ಮಂತೆ ನಾಲ್ಕು ವರ್ಷವಾದರೂ ಕೊನೆಯ ವರ್ಷ ವಿದ್ಯಾರ್ಥಿ ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ ಸೇರಿ ಅಲ್ಲೇ ಪ್ರಬಂಧ ಮಾಡಬೇಕು. ಪ್ರಾಜೆಕ್ಟನ್ನು ಹಣ ಕೊಟ್ಟು ಕೊಂಡುತರುವ ಕೆಟ್ಟ ಚಾಳಿ ನಮ್ಮಲ್ಲಿ ಇರುವಾಗ ಜಪಾನಿನ ಆ ಒಂದು ವರ್ಷವನ್ನು ನಮ್ಮ ವಿಶ್ವವಿದ್ಯಾಲಯಗಳು ಗಮನವಿಟ್ಟು ನೋಡಬೇಕು.

ಅಮೆರಿಕದ ನಾಲ್ಕು ವರ್ಷದ ಪದವಿಯಲ್ಲಿ ಎಂಜಿನಿಯರಿಂಗ್ ಭಾಗ ನಮ್ಮವರು ತಿಳಿದಷ್ಟು ಇಲ್ಲ. ಅಲ್ಲಿನ ಮಾನ್ಯತಾ ಸಂಸ್ಥೆ ಅಬೆಟ್ ಕೇಳುವುದು ಗಣಿತ ಮತ್ತು ಮೂಲವಿಜ್ಞಾನದಲ್ಲಿ ಕನಿಷ್ಠ 30 ಕ್ರೆಡಿಟ್, ಎಂಜಿನಿಯರಿಂಗ್ ವಿಷಯಗಳಲ್ಲಿ ಕನಿಷ್ಠ 45. ಉಳಿದುದರಲ್ಲಿ ಇಂಗ್ಲಿಷ್ ಬರವಣಿಗೆ, ಇತಿಹಾಸ, ಅರ್ಥಶಾಸ್ತ್ರದಂಥ ವಿಷಯಗಳೂ ಬರುತ್ತವೆ. ಮೊದಲ ವರ್ಷ ಕಳೆದ ಮೇಲೆ ಬ್ರಾಂಚ್ ನಿರ್ಧರಿಸುವ ಅವಕಾಶ ಅನೇಕ ಕಡೆ ಇದೆ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ದಾರಿಯೂ ಇದೆ. ಇಲ್ಲಿ ಒಂದು ಎಚ್ಚರಿಕೆ: ‘ಎಂಜಿನಿಯರಿಂಗ್’ ಮತ್ತು ‘ಎಂಜಿನಿಯರಿಂಗ್ ಟೆಕ್ನಾಲಜಿ’ ಅಲ್ಲಿ ಎರಡು ಬೇರೆ ಪದವಿಗಳು. ಎರಡಕ್ಕೂ ಅಬೆಟ್ ಮಾನ್ಯತೆ ಇರಬಹುದು, ಆದರೆ ಮಾನ್ಯತೆ ಕೊಡುವ ಆಯೋಗಗಳು ಬೇರೆ, ಲೈಸೆನ್ಸಿನ ಷರತ್ತುಗಳೂ ರಾಜ್ಯಕ್ಕೊಂದು ಬಗೆ. ಪ್ರವೇಶಪತ್ರದಲ್ಲಿ ಯಾವ ಹೆಸರಿದೆ ಎಂದು ಓದಿ ಸಹಿ ಹಾಕಬೇಕು.

ಲೈಸೆನ್ಸ್ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಹೊಸ ಮಾತು. ಭಾರತದಲ್ಲಿ ಬಿ.ಇ. ಪಾಸಾದ ದಿನವೇ ಎಂಜಿನಿಯರ್. ವೈದ್ಯರಿಗೆ, ವಕೀಲರಿಗೆ ಇರುವಂಥ ಕಡ್ಡಾಯ ನೋಂದಣಿ ದೇಶಮಟ್ಟದಲ್ಲಿ ಇಲ್ಲ. ಅಮೆರಿಕದಲ್ಲಿ ಪದವಿಯ ಹೊತ್ತಿಗೆ ಮೂಲವಿಷಯಗಳ ಎಫ್‌ಇ ಪರೀಕ್ಷೆ (110 ಪ್ರಶ್ನೆ), ಅದಾದ ಮೇಲೆ ಸಾಮಾನ್ಯವಾಗಿ 4 ವರ್ಷದ ಅನುಭವ, ಆಮೇಲೆ ಪಿಇ (ಪ್ರೊಫೆಷನಲ್ ಎಂಜಿನಿಯರ್) ಪರೀಕ್ಷೆ, ಅದು ಪಾಸಾದರೆ ಲೈಸೆನ್ಸ್. ಕೆನಡಾದಲ್ಲಿ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯ ಲೈಸೆನ್ಸ್ ಇಲ್ಲದೆ ತನ್ನನ್ನು ವೃತ್ತಿಪರ ಎಂಜಿನಿಯರ್ ಎಂದು ಕರೆದುಕೊಳ್ಳುವಂತಿಲ್ಲ. ಸಾಫ್ಟ್‌ವೇರ್ ಕೆಲಸಕ್ಕೆ ಇದನ್ನು ಕೇಳುವವರು ಕಡಿಮೆ. ಆದರೆ ಸಿವಿಲ್‌ನವರು ಸೇತುವೆಯ, ಕಟ್ಟಡದ ನಕ್ಷೆಗೆ ಸಹಿ ಹಾಕಬೇಕಾದರೆ ಲೈಸೆನ್ಸ್ ಇಲ್ಲದೆ ನಡೆಯುವುದಿಲ್ಲ. ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಸೇರುವವರಿಗೆ ಮಾನ್ಯತೆಯ ಪ್ರಶ್ನೆ ಕಂಪ್ಯೂಟರ್ ಸೈನ್ಸಿನವರಿಗಿಂತ ಹೆಚ್ಚು ಮುಖ್ಯವಾಗುವುದು ಇದಕ್ಕಾಗಿಯೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳ ನಡುವೆ ಸಮನೆಂದು ಒಪ್ಪುವ ಒಪ್ಪಂದ ವಾಷಿಂಗ್ಟನ್ ಅಕಾರ್ಡ್. 1989ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ದೇಶಗಳ ಮಾನ್ಯತಾ ಸಂಸ್ಥೆಗಳು ಇದಕ್ಕೆ ಸಹಿ ಹಾಕಿದವು. ಭಾರತದ ಪರವಾಗಿ ನ್ಯಾಷನಲ್ ಬೋರ್ಡ್ ಆಫ್ ಅಕ್ರೆಡಿಟೇಷನ್, ಅಂದರೆ ಎನ್‌ಬಿಎ, 2014ರ ಜೂನ್ 13ರಂದು ಪೂರ್ಣ ಸದಸ್ಯವಾಯಿತು. ‘ಭಾರತ ಅಕಾರ್ಡ್‌ನಲ್ಲಿದೆ, ಹಾಗಾಗಿ ನಮ್ಮ ಡಿಗ್ರಿಯೂ ನಡೆಯುತ್ತದೆ’ ಎಂದು ಎಲ್ಲರೂ ತಿಳಿದಿರುವುದು ಇಲ್ಲೇ ತಪ್ಪುತ್ತದೆ. ಎನ್‌ಬಿಎ ಕಾಲೇಜಿಗೆ ಮಾನ್ಯತೆ ಕೊಡುವುದಿಲ್ಲ, ಬ್ರಾಂಚಿಗೆ ಕೊಡುತ್ತದೆ. ಒಂದೇ ಕಾಲೇಜಿನಲ್ಲಿ ಸಿವಿಲ್‌ಗೆ ಇದ್ದು ಎಲೆಕ್ಟ್ರಾನಿಕ್ಸಿಗೆ ಇಲ್ಲದಿರಬಹುದು. ನ್ಯಾಕ್ ಗ್ರೇಡ್ ಬೇರೆ, ಅದು ಇಡೀ ಸಂಸ್ಥೆಗೆ ಸೇರಿದ್ದು. ಗೇಟಿನ ಮೇಲೆ ‘ಎ ಪ್ಲಸ್’ ಎಂದು ಬರೆದಿದ್ದರೆ ಅದರಿಂದ ನಿಮ್ಮ ಬ್ರಾಂಚಿನ ಎನ್‌ಬಿಎ ಸ್ಥಿತಿ ತಿಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಅಂಶ ಶ್ರೇಣಿ. ಎನ್‌ಬಿಎ ಸಂಸ್ಥೆಗಳನ್ನು ಎರಡು ಶ್ರೇಣಿಯಲ್ಲಿ ಇಟ್ಟಿದೆ. ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯದ ವಿಭಾಗಗಳು ಟಿಯರ್ 1. ವಿಶ್ವವಿದ್ಯಾಲಯದ ಸಿಲೆಬಸ್ಸನ್ನೇ ನಡೆಸುವ ಸಾಮಾನ್ಯ ಸಂಯೋಜಿತ ಕಾಲೇಜುಗಳು ಟಿಯರ್ 2. ವಾಷಿಂಗ್ಟನ್ ಅಕಾರ್ಡ್‌ನ ಅನುಕೂಲ ಸಿಗುವುದು ಟಿಯರ್ 1ರಲ್ಲಿ ಮಾನ್ಯತೆ ಪಡೆದ ಬ್ರಾಂಚುಗಳಿಗೆ ಮಾತ್ರ. ಟಿಯರ್ 2ರ ಮಾನ್ಯತೆ ನಿಜವಾದ ಮಾನ್ಯತೆಯೇ, ಗುಣಮಟ್ಟಕ್ಕೆ ಸಾಕ್ಷಿಯೇ. ಆದರೆ ಅಕಾರ್ಡ್ ಅದಕ್ಕೆ ತಗಲುವುದಿಲ್ಲ. ಇನ್ನು ಅವಧಿ. ಎನ್‌ಬಿಎ ಮಾನ್ಯತೆ ಕೊಡುವುದು 3 ಅಥವಾ 6 ವರ್ಷಕ್ಕೆ. ಆ ಅವಧಿಯಲ್ಲಿ ಪಾಸಾಗಿ ಹೊರಬಿದ್ದವರದು ಮಾನ್ಯತೆಯ ಪದವಿ. ಲೆಕ್ಕಕ್ಕೆ ಬರುವುದು ಪಾಸಾದ ವರ್ಷ, ಸೇರಿದ ವರ್ಷವಲ್ಲ. 2026ರಲ್ಲಿ ಸೇರುವವರು 2030ರಲ್ಲಿ ಪಾಸಾಗುತ್ತಾರೆ. 2028ಕ್ಕೆ ಅವಧಿ ಮುಗಿಯುವ ಬ್ರಾಂಚಾದರೆ ನವೀಕರಣಕ್ಕೆ ತಯಾರಿ ನಡೆದಿದೆಯೇ ಎಂದು ಪ್ರಾಂಶುಪಾಲರನ್ನು ಕೇಳುವ ಹಕ್ಕು ಪಾಲಕರಿಗಿದೆ. ಎಐ, ಡೇಟಾ ಸೈನ್ಸ್‌ನಂಥ ಹೊಸ ಬ್ರಾಂಚುಗಳಿಂದ ಕನಿಷ್ಠ 2 ಬ್ಯಾಚು ಪಾಸಾಗುವ ತನಕ ಕಾಲೇಜು ಎನ್‌ಬಿಎಗೆ ಅರ್ಜಿ ಹಾಕುವಂತೆಯೇ ಇಲ್ಲ. ಮೊದಲ ಬ್ಯಾಚಿಗೆ ಸೇರುವವರು ಇದನ್ನು ತಿಳಿದೇ ಸೇರಬೇಕು.

ಆಸ್ಟ್ರೇಲಿಯಾಕ್ಕೆ ವಲಸೆ ಹೋಗುವ ಎಂಜಿನಿಯರಿಗೆ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ. ಅಕಾರ್ಡ್ ಒಪ್ಪಿದ ಪದವಿ ಇದ್ದವರ ಅರ್ಹತೆಯನ್ನು ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆ ಪದವಿಯ ಆಧಾರದ ಮೇಲೆಯೇ ನೋಡುತ್ತದೆ. ಇಲ್ಲದವರು ಸಿಡಿಆರ್ ಎಂಬ ವರದಿ ಬರೆಯಬೇಕು: ತಾವೇ ಮಾಡಿದ ಕೆಲಸದ ಬಗ್ಗೆ 3 ಪ್ರಬಂಧ, ಒಂದೊಂದೂ 1,000ದಿಂದ 2,500 ಪದ, ಅದರ ಮೇಲೆ ಪ್ಯಾರಾ ನಂಬರ್ ಹಾಕಿ ಹೊಂದಿಸಿದ ಸಾರಾಂಶ. ‘ನಮ್ಮ ತಂಡ ಮಾಡಿತು’ ಎಂದು ಬರೆದರೆ ಸಾಲದು, ‘ನಾನು ಲೆಕ್ಕ ಹಾಕಿದೆ, ನಾನು ಆಯ್ಕೆ ಮಾಡಿದೆ’ ಎಂದು ತನ್ನ ಪಾಲು ತೋರಿಸಬೇಕು. ಕೊಂಡುತಂದ ವರದಿ ನಕಲೆಂದು ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ, ಮೇಲೆ ನಿಷೇಧ. ಕೊನೆಯ ವರ್ಷದ ಪ್ರಾಜೆಕ್ಟನ್ನು ಸ್ವಂತವಾಗಿ ಮಾಡಿ ನಕ್ಷೆ, ಲೆಕ್ಕ, ಫೋಟೊ ಎತ್ತಿಟ್ಟವರಿಗೆ ಇದು ಕಷ್ಟವಲ್ಲ.

ನಮ್ಮ ಭಾಗದವರು ಹೆಚ್ಚಾಗಿ ಹೋಗುವ ಕೊಲ್ಲಿ ದೇಶಗಳಲ್ಲೂ ಈಗ ಹಳೆಯ ಸಡಿಲಿಕೆ ಇಲ್ಲ. ಎಂಜಿನಿಯರ್ ಹುದ್ದೆಯ ಪರವಾನಗಿ ನವೀಕರಣಕ್ಕೆ ಕುವೈತ್ ಸೊಸೈಟಿ ಆಫ್ ಎಂಜಿನಿಯರ್ಸ್‌ನ ನಿರಾಕ್ಷೇಪಣಾ ಪತ್ರ ಬೇಕೆಂದು ಕುವೈತ್ 2018ರಲ್ಲಿ ಹೇಳಿತು. ಭಾರತೀಯರಿಗೆ ಆ ಪತ್ರ ಕೊಡಲು ಎನ್‌ಬಿಎ ಮಾನ್ಯತೆ ಅಳತೆಗೋಲಾಯಿತು. ವರ್ಷಗಟ್ಟಲೆ ಅಲ್ಲಿ ದುಡಿದವರೂ ಒಮ್ಮೆಲೇ ಸಂಕಟಕ್ಕೆ ಸಿಕ್ಕಿದರು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮೊದಲು ಪಾಸಾದವರು ಎಲ್ಲಿಂದ ಮಾನ್ಯತೆ ತರಬೇಕು? ಸೌದಿಯಲ್ಲಿ ಸೌದಿ ಕೌನ್ಸಿಲ್ ಆಫ್ ಎಂಜಿನಿಯರ್ಸ್ ನೋಂದಣಿ ಬೇಕು, ಅದಕ್ಕೆ ಪದವಿಯ ಪರಿಶೀಲನೆ ನೇರವಾಗಿ ವಿಶ್ವವಿದ್ಯಾಲಯದಿಂದಲೇ ಆಗಬೇಕು. ನಮ್ಮಲ್ಲಿ ಹಳಬರ ಪದವಿ ಗುಲಬರ್ಗಾ ವಿಶ್ವವಿದ್ಯಾಲಯದ್ದು, 1998ರಲ್ಲಿ ವಿಟಿಯು ಸ್ಥಾಪನೆಯಾದ ನಂತರದವರದು ವಿಟಿಯುವಿನದು, ಈಚಿನ ಕೆಲವರದು ಖಾಸಗಿ ವಿಶ್ವವಿದ್ಯಾಲಯದ್ದು. ಯಾವ ವಿಶ್ವವಿದ್ಯಾಲಯ ಪದವಿ ಕೊಟ್ಟಿದೆಯೋ ಅದರ ಹೆಸರನ್ನೇ ಅರ್ಜಿಯಲ್ಲಿ ಬರೆಯಬೇಕು. ಕಾಲೇಜಿನ ಹೆಸರು ಬರೆದರೆ ಪರಿಶೀಲನೆ ಸುತ್ತಿ ಸುತ್ತಿ ವಾಪಸು ಬರುತ್ತದೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರು, ಪದವಿಯಲ್ಲಿ ಮನೆತನದ ಹೆಸರು ಹೀಗೆ ಮೂರು ಬಗೆ ಇರುವುದು ನಮ್ಮ ಕಡೆ ಸಾಮಾನ್ಯ. ಬಿ.ಇ. ಸೇರುವಾಗಲೇ ಇದನ್ನು ಒಂದು ಮಾಡಿಸಿಕೊಳ್ಳುವುದು ಕ್ಷೇಮ.

ಪಾಲಿಟೆಕ್ನಿಕ್ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ 3ನೇ ಸೆಮಿಸ್ಟರಿಗೆ ಸೇರಿದವರು ಇನ್ನೊಂದು ಮಾತು ಗಮನಿಸಬೇಕು. ಅವರ ಟ್ರಾನ್ಸ್‌ಕ್ರಿಪ್ಟಿನಲ್ಲಿ 6 ಸೆಮಿಸ್ಟರ್ ಮಾತ್ರ ಇರುತ್ತದೆ. ಹೊರಗಿನವರ ಕಣ್ಣಿಗೆ ಅದು ಮೂರು ವರ್ಷದ ಪದವಿಯಂತೆ ಕಾಣುತ್ತದೆ. ಡಿಪ್ಲೊಮಾದ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ತಾಂತ್ರಿಕ ಶಿಕ್ಷಣ ಇಲಾಖೆಯ ಡಿಪ್ಲೊಮಾ ಪ್ರಮಾಣಪತ್ರ, ಲ್ಯಾಟರಲ್ ಎಂಟ್ರಿಯಿಂದ ಮೊದಲ ವರ್ಷದ ವಿನಾಯಿತಿ ಸಿಕ್ಕಿದೆ ಎಂದು ಕಾಲೇಜು ಬರೆದುಕೊಟ್ಟ ಪತ್ರ ಇವು ಮೂರನ್ನೂ ಅರ್ಜಿಯ ಜೊತೆ ಇಟ್ಟರೆ ಗೊಂದಲ ಇರುವುದಿಲ್ಲ.

ಇಂಟರ್ನ್‌ಶಿಪ್ಪಿನ ಬಗ್ಗೆಯೂ ಹೇಳಲೇಬೇಕು. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 12 ವಾರದ ಕೈಗಾರಿಕಾ ಅನುಭವವಿಲ್ಲದೆ ಎಂಜಿನಿಯರಿಂಗ್ ಪದವಿ ಕೈಗೆ ಬರುವುದಿಲ್ಲ. ಜರ್ಮನಿಯ ಮೆಕ್ಯಾನಿಕಲ್ ಕೋರ್ಸುಗಳಲ್ಲಿ ಫೈಲಿಂಗ್, ಟರ್ನಿಂಗ್, ವೆಲ್ಡಿಂಗ್ ಕಲಿಯುವ ವಾರಗಳ ತರಬೇತಿ ಕಡ್ಡಾಯವಿರುವ ಕಡೆಗಳು ಬಹಳ. ನಮ್ಮಲ್ಲೂ ಈಗ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇದೆ. ಆದರೆ ಆನ್‌ಲೈನಿನಲ್ಲಿ ಹಣ ಕಟ್ಟಿ ಪಡೆದ ಸರ್ಟಿಫಿಕೇಟಿಗೆ ಹೊರಗೆ ಯಾರೂ ಬೆಲೆ ಕೊಡುವುದಿಲ್ಲ. ಸೇಡಂ, ವಾಡಿ ಸುತ್ತಿನ ಸಿಮೆಂಟ್ ಕಾರ್ಖಾನೆಗಳು, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶ ಕೈಯಳತೆಯಲ್ಲೇ ಇವೆ. ಕಾಲೇಜುಗಳು ಇವರ ಜೊತೆ ಮಾತಾಡಿ ಜಾಗ ಗೊತ್ತುಮಾಡಬೇಕು. ಪ್ರಮಾಣಪತ್ರದಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನ ತನಕ, ವಾರಕ್ಕೆ ಎಷ್ಟು ತಾಸು, ಯಾವ ವಿಭಾಗ, ಯಾವ ಯಂತ್ರ ಎಂಬ ವಿವರ ಮತ್ತು ಮೇಲ್ವಿಚಾರಕರ ಸಹಿ ಇರಬೇಕು. ವಾರವಾರದ ಡೈರಿ ಲಗತ್ತಿರಬೇಕು.

ಹೊರಗೆ ಓದಿ ವಾಪಸು ಬರುವವರಿಗೂ ಒಂದು ಮಾತು. ಇಲ್ಲಿ ಸರಕಾರಿ ಹುದ್ದೆಗೆ, ಎಂ.ಟೆಕ್.ಗೆ ಸೇರಲು ಹೊರದೇಶದ ಪದವಿಗೆ ಸಮಾನತೆಯ ಪ್ರಮಾಣಪತ್ರ ಬೇಕಾಗುತ್ತದೆ. ಇದಕ್ಕಾಗಿ ಯುಜಿಸಿ 2025ರ ಏಪ್ರಿಲ್‌ನಲ್ಲಿ ಹೊಸ ನಿಯಮಾವಳಿ ಹೊರಡಿಸಿದೆ. ಮೂರು ವರ್ಷದ ಕೋರ್ಸಿಗೆ ಹಣ ಕಟ್ಟುವ ಮುನ್ನ ಅದನ್ನು ಓದಬೇಕು.

ಸಂವಿಧಾನದ 371ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕದ ನಮ್ಮ ಮಕ್ಕಳಿಗೆ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು. ಅಂದರೆ ಇಲ್ಲಿನ ವಿದ್ಯಾರ್ಥಿಯ ಮುಂದೆ ಎರಡು ಪಟ್ಟಿಗಳಿವೆ, ಎರಡರಲ್ಲೂ ಟಿಯರ್ 1ರ ಬ್ರಾಂಚುಗಳಿವೆ. ಆದರೆ ಆಪ್ಷನ್ ತುಂಬುವಾಗ ಕಣ್ಣೆದುರು ಇರುವುದು ಕಾಲೇಜಿನ ಹೆಸರು, ಕೋಡು, ಫೀ, ಹಿಂದಿನ ವರ್ಷದ ಕಟ್ ಆಫ್. ಇದರ ಪಕ್ಕದಲ್ಲೇ ಪ್ರತಿ ಬ್ರಾಂಚಿಗೆ ಎನ್‌ಬಿಎ ಮಾನ್ಯತೆ ಇದೆಯೋ ಇಲ್ಲವೋ, ಯಾವ ಶ್ರೇಣಿ, ಯಾವ ವರ್ಷದವರೆಗೆ ಎಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅಚ್ಚು ಹಾಕಬೇಕೆಂದು ನಮ್ಮ ಒತ್ತಾಯ. ಎನ್‌ಬಿಎ ಜಾಲತಾಣದಲ್ಲಿ ಈ ಮಾಹಿತಿ ಬಹಿರಂಗವಾಗಿಯೇ ಇರುವುದರಿಂದ ಪ್ರಾಧಿಕಾರಕ್ಕೆ ಇದು ಹೊರೆಯಲ್ಲ. ಕಾಲೇಜುಗಳು ಪದವಿ ಮುಗಿಸಿದವರಿಗೆ ಟಿಸಿ ಕೊಡುವಾಗ ಆ ಬ್ರಾಂಚಿನ ಮಾನ್ಯತಾ ಪತ್ರದ ಪ್ರತಿಯನ್ನೂ ಆ ಸ್ಕೀಮಿನ ಸಿಲೆಬಸ್ಸನ್ನೂ ಜೊತೆಗೆ ಕೊಡಬೇಕು. ವಿಟಿಯುವಿನ ಕಲಬುರಗಿ ಪ್ರಾದೇಶಿಕ ಕೇಂದ್ರದಲ್ಲಿ 1998ರಿಂದ ಈಚಿನ ಎಲ್ಲ ಸ್ಕೀಮುಗಳ ಸಿಲೆಬಸ್ ಮೊಹರು ಹಾಕಿಸಿಕೊಳ್ಳುವ ವ್ಯವಸ್ಥೆಯಾದರೆ ಔರಾದ, ಸುರಪುರದಿಂದ ವಿಟಿಯು ಕೇಂದ್ರ ಕಚೇರಿ ಇರುವ ಬೆಳಗಾವಿಗೆ ಓಡಾಡುವ ಖರ್ಚು ಉಳಿಯುತ್ತದೆ.

ತಮ್ಮ ಪತ್ರಿಕೆಯಲ್ಲೂ ಆಪ್ಷನ್ ಎಂಟ್ರಿಗೆ ಒಂದು ವಾರ ಮೊದಲು ಮೂರೂ ಜಿಲ್ಲೆಗಳ ಕಾಲೇಜುಗಳ ಪಟ್ಟಿಯನ್ನು ಬ್ರಾಂಚುವಾರು ಪ್ರಕಟಿಸಬೇಕೆಂದು ಕೋರುತ್ತೇವೆ. ಕಾಲೇಜು, ಬ್ರಾಂಚು, ಎನ್‌ಬಿಎ ಶ್ರೇಣಿ, ಅವಧಿ ಮುಗಿಯುವ ವರ್ಷ ಎಂಬ ನಾಲ್ಕು ಕಾಲಂ ಸಾಕು. ಪಟ್ಟಿ ತಯಾರಿಸಿ ತಾಳೆ ನೋಡಿಕೊಡಲು ನಾವು ಸಿದ್ಧರಿದ್ದೇವೆ.

ಎಂಜಿನಿಯರಿಂಗ್ ಅಧ್ಯಾಪಕರು,
ಕಲಬುರಗಿ, ಬೀದರ್, ಯಾದಗಿರಿ